ಮಗ್ಗುಲು ತಿರುಗಿಸಲು ಯಾರೂ ಬರಲಿಲ್ಲ

‘ನನ್ನ ಸೇವೆ’ ಯುವ ಸ್ವಯಂಸೇವಾ ಯೋಜನೆಯ ಮುಖ್ಯಾಧಿಕಾರಿಗಳಿಗೆ ಹೊಸನಗರದಿಂದ ಒಂದು ಬಹಿರಂಗ ಪತ್ರ

ಮಾನ್ಯರೇ,

ನನ್ನ ತಮ್ಮ ಕುಮಾರ ಕಳೆದ ಮಳೆಗಾಲದಲ್ಲಿ ತೀರಿಕೊಂಡ. ಬೆನ್ನಿನ ಕೆಳಭಾಗದ ಹುಣ್ಣು ನಂಜಾಗಿ ರಕ್ತಕ್ಕೆ ಏರಿತು ಎಂದು ವೈದ್ಯರು ಬರೆದುಕೊಟ್ಟಿದ್ದಾರೆ. ಅವರು ಬರೆದದ್ದು ಸರಿಯಾಗಿಯೇ ಇದೆ. ಆದರೆ ಆ ಹುಣ್ಣು ಆದದ್ದು, ಹಾಸಿಗೆ ಹಿಡಿದಿದ್ದ ಅವನನ್ನು ಹೊತ್ತುಹೊತ್ತಿಗೆ ಮಗ್ಗುಲು ತಿರುಗಿಸುವ ಕೈಗಳು ಇಲ್ಲವಾದದ್ದರಿಂದ. ಕೈಗಳು ಇಲ್ಲವಾದದ್ದು, ವರ್ಷಗಟ್ಟಲೆ ತಪ್ಪದೆ ಬರುತ್ತಿದ್ದ ನಮ್ಮೂರಿನ ಹುಡುಗ ಹುಡುಗಿಯರಿಗೆ ತಮ್ಮ ಯೋಜನೆ ಇದಕ್ಕಿಂತ ಮೇಲಾದ ಸೇವೆಗಳನ್ನು ತೋರಿಸಿಕೊಟ್ಟದ್ದರಿಂದ. ಇದು ವೈದ್ಯರು ಬರೆಯುವ ಸಂಗತಿಯಲ್ಲ. ಹಾಗಾಗಿ ನಾನು ಬರೆಯುತ್ತಿದ್ದೇನೆ.

ತಾವು ಕೊಂದಿರಿ ಎಂದು ನಾನು ಹೇಳುತ್ತಿಲ್ಲ. ಅಷ್ಟು ದೊಡ್ಡ ಆರೋಪವನ್ನು ಹೊರುವಷ್ಟು ನಮ್ಮ ಮನೆಯ ಕಡೆ ತಾವು ತಿರುಗಿ ನೋಡಿದವರೂ ಅಲ್ಲ. ತಾವು ಮಾಡಿದ್ದು ಬಹಳ ಸಣ್ಣದು. ಗುಂಪಾಗಿದ್ದವರನ್ನು ಒಬ್ಬೊಬ್ಬರನ್ನಾಗಿ ಬಿಡಿಸಿ ಇಟ್ಟಿರಿ. ಉಳಿದದ್ದು ತಾನಾಗಿಯೇ ಆಯಿತು.

ನಾನು ಹೊಸನಗರದ ಬಸ್‌ನಿಲ್ದಾಣದ ಹತ್ತಿರ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇಟ್ಟುಕೊಂಡಿರುವವಳು. ರೇಷನ್ ಕಾರ್ಡಿನಿಂದ ಹಿಡಿದು ರಸ್ತೆ ದುರಸ್ತಿಯವರೆಗೆ ತಾಲ್ಲೂಕಿನ ಎಷ್ಟೋ ಜನರ ಅಹವಾಲುಗಳನ್ನು ಟೈಪ್ ಮಾಡಿಕೊಟ್ಟಿದ್ದೇನೆ. ‘ಘನತೆವೆತ್ತ’, ‘ಸಹಾನುಭೂತಿಯಿಂದ ಪರಿಶೀಲಿಸಿ’, ‘ಸೂಕ್ತ ಕ್ರಮ ಜರುಗಿಸಿ’ ಎಂಬ ಮಾತುಗಳು ನನ್ನ ಬೆರಳಿಗೆ ಅಭ್ಯಾಸವಾಗಿವೆ. ಅವುಗಳಿಗೆ ಸಾಮಾನ್ಯವಾಗಿ ಯಾವ ಉತ್ತರ ಬರುತ್ತದೆ ಎಂಬುದೂ ಗೊತ್ತಿದೆ. ಆದರೂ ನನ್ನದೇ ಅಹವಾಲೊಂದನ್ನು ಬರೆಯುವ ಸರದಿ ಬಂದಿದೆ. ದಯವಿಟ್ಟು ಪೂರ್ತಿ ಓದಬೇಕು. ಇದನ್ನು ಓದುವುದಕ್ಕೆ ತಮ್ಮ ಆ್ಯಪಿನಲ್ಲಿ ಅಂಕ ಸಿಗುವುದಿಲ್ಲ, ಗೊತ್ತು.

ಹುಂಚಕ್ಕೆ ಹೋಗುವ ಬಸ್ಸಿನಲ್ಲಿ ನಡುದಾರಿಯಲ್ಲಿ ಇಳಿದು ಒಂದಷ್ಟು ದೂರ ನಡೆದರೆ ನಮ್ಮೂರು. ಅಲ್ಲೊಂದು ಗೆಳೆಯರ ಸಂಘವಿತ್ತು. ಬೋರ್ಡು ಇರಲಿಲ್ಲ, ಸೀಲು ಇರಲಿಲ್ಲ, ಅಧ್ಯಕ್ಷರಂತೂ ಇರಲೇ ಇಲ್ಲ. ಕಾಲೇಜಿಗೆ ಹೋಗುವ, ಹೋಗಿ ಬಿಟ್ಟ, ಸಣ್ಣಪುಟ್ಟ ಕೆಲಸ ಹಿಡಿದ ಹತ್ತಾರು ಮಂದಿ. ಮಳೆ ಹಿಡಿಯುವ ಮುಂಚೆ ಶಾಲೆಯ ಸೂರಿನ ನೀರು ಹರಿಯುವ ದೋಣಿಗಳಲ್ಲಿ ಕಟ್ಟಿದ ಎಲೆ ತೆಗೆಯುವುದು, ಊರ ಬಾವಿಯ ಹೂಳೆತ್ತುವುದು, ಯಾರಿಗಾದರೂ ಎದೆನೋವು ಬಂದರೆ ಕುರ್ಚಿಯಲ್ಲಿ ಕೂರಿಸಿ ಡಾಂಬರು ರಸ್ತೆಯವರೆಗೆ ಹೊರುವುದು, ಸಾವಾದ ಮನೆಯಲ್ಲಿ ಅಳುವವರನ್ನು ಅಳಲು ಬಿಟ್ಟು ಉಳಿದದ್ದನ್ನೆಲ್ಲ ನೋಡಿಕೊಳ್ಳುವುದು. ಇವನ್ನು ಅವರು ಸೇವೆ ಎಂದು ಕರೆದದ್ದನ್ನು ನಾನು ಕೇಳಿಲ್ಲ. “ಎಲ್ಲಿಗ್ರೋ ಹೊರಟಿದ್ದು?” ಎಂದರೆ “ಇಲ್ಲೇ, ಹೋಗ್ಬರ್ತೀವಿ” ಎನ್ನುತ್ತಿದ್ದರು. ಅಷ್ಟೇ ಅದರ ಹೆಸರು.

ನನ್ನ ತಮ್ಮ ಅವರಲ್ಲಿ ಹಿರಿಯ. ವೈರಿಂಗ್ ಕೆಲಸ ಮಾಡುತ್ತಿದ್ದ. ದೊಡ್ಡ ದೇಹ, ದೊಡ್ಡ ಗಂಟಲು. ಒಂದು ಜೂನ್ ತಿಂಗಳ ಗಾಳಿಗೆ ಹಲಸಿನ ಕೊಂಬೆಯೊಂದು ಮುರಿದು ಶಾಲೆಯ ಹಂಚಿನ ಮಾಡಿನ ಮೇಲೆ ಬಿತ್ತು. ಮಾರನೇ ದಿನ ಮಕ್ಕಳು ಬಂದು ಅದರ ಅಡಿಯಲ್ಲೇ ಕೂರಬೇಕು. ಇಲಾಖೆಗೆ ತಿಳಿಸಿದ್ದೇವೆ, ಬರುತ್ತಾರೆ ಎಂದು ಮೇಷ್ಟ್ರು ಹೇಳಿದರು. “ಅವ್ರ್ ಬರೋದ್ರೊಳಗೆ ಹುಡ್ರು ಪಾಸಾಗ್ ಹೋಗಿರ್ತಾವೆ” ಎಂದು ಕುಮಾರ ಮಾಡು ಹತ್ತಿದ. ಕೊಂಬೆಯನ್ನು ಕಡಿದು ಇಳಿಸಿದ್ದೂ ಆಯಿತು. ಇಳಿಯುವಾಗ ಪಾಚಿ ಹಿಡಿದ ಹಂಚು ಜಾರಿತು. ಕೆಳಗೆ ಶಾಲೆಯ ಮೆಟ್ಟಿಲಿತ್ತು. ಬೆನ್ನುಹುರಿಗೆ ಪೆಟ್ಟಾಗಿ ಎದೆಯಿಂದ ಕೆಳಗೆ ಸ್ಪರ್ಶವೇ ಹೋಯಿತು. ಕೈಗಳು ಆಡುತ್ತಿದ್ದವು, ಆದರೆ ಆ ದೊಡ್ಡ ದೇಹವನ್ನು ತಾನೇ ಹೊರಳಿಸಿಕೊಳ್ಳುವಷ್ಟು ಬಲ ಮತ್ತೆ ಬರಲಿಲ್ಲ. ಶಿವಮೊಗ್ಗದ ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ವೈದ್ಯರು ಹೇಳಿದ್ದು ಒಂದೇ ಮಾತು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಬೆನ್ನಿನ ಮೇಲೆ ಎಲ್ಲಾದರೂ ಕೆಂಪಗಾಗಿದೆಯಾ ಎಂದು ದಿನವೂ ನೋಡಿ. ಹುಣ್ಣಾದರೆ ಅವನಿಗೆ ತಿಳಿಯುವುದಿಲ್ಲ, ನೀವೇ ತಿಳಿದುಕೊಳ್ಳಬೇಕು.

ಮನೆಯಲ್ಲಿ ಇದ್ದದ್ದು ಅಮ್ಮ ಬಂಗಾರಮ್ಮ ಮತ್ತು ನಾನು. ಅಮ್ಮನಿಗೆ ಸೊಂಟನೋವು. ನಾನು ಅಂಗಡಿ ಮುಚ್ಚಿದರೆ ಒಲೆ ಹೊತ್ತುವುದಿಲ್ಲ. ರಾತ್ರಿ ನಾವಿಬ್ಬರೂ ಸೇರಿ ಹೇಗೋ ತಿರುಗಿಸುತ್ತೇವೆ, ಹಗಲು ಯಾರು? ಈ ಪ್ರಶ್ನೆಯನ್ನು ನಾವು ಯಾರ ಮುಂದೆಯೂ ಇಡಲಿಲ್ಲ. ಮನೆಗೆ ಬಂದ ಮರುದಿನ ಬೆಳಿಗ್ಗೆ ರವೀಶ ಜಗಲಿಯಲ್ಲಿ ನಿಂತಿದ್ದ. ಡಿಗ್ರಿ ಓದುತ್ತಿದ್ದ ಹುಡುಗ. “ಅಕ್ಕಾ, ನೀನು ಅಂಗಡಿಗೆ ಹೋಗು. ನಾವ್ ನಾವೇ ಮಾತಾಡ್ಕಂಡೀವಿ” ಎಂದ. ಏನು ಮಾತಾಡಿಕೊಂಡಿದ್ದರೋ, ಯಾರು ಯಾವ ಹೊತ್ತಿಗೆ ಎಂದು ಹೇಗೆ ಹಂಚಿಕೊಂಡಿದ್ದರೋ, ನನಗೆ ಕೊನೆಯವರೆಗೂ ಸರಿಯಾಗಿ ತಿಳಿಯಲಿಲ್ಲ. ಒಬ್ಬನಿಗೆ ಪರೀಕ್ಷೆಯಿದ್ದರೆ ಇನ್ನೊಬ್ಬ ಬರುತ್ತಿದ್ದ. ಒಬ್ಬ ಊರು ಬಿಟ್ಟರೆ ಹೋಗುವ ಮೊದಲು ಒಬ್ಬ ಚಿಕ್ಕವನನ್ನು ಕರೆತಂದು, ಎಲ್ಲಿ ಕೈ ಕೊಟ್ಟು ಎತ್ತಬೇಕು, ಕಾಲುಗಳ ನಡುವೆ ದಿಂಬು ಹೇಗಿಡಬೇಕು ಎಂದು ತೋರಿಸಿಕೊಟ್ಟು ಹೋಗುತ್ತಿದ್ದ. ತಮ್ಮ ಕಚೇರಿಯಲ್ಲಿ ಇದಕ್ಕೆ ‘ತರಬೇತಿ’ ಎನ್ನುತ್ತಾರೆ ಎಂದು ಕೇಳಿದ್ದೇನೆ.

ಹುಡುಗಿಯರೂ ಬರುತ್ತಿದ್ದರು. ಅವರಲ್ಲಿ ಸ್ವಾತಿ ಒಬ್ಬಳು. ಅವಳು ಅವನ ಬೆನ್ನನ್ನು ನೋಡುವವಳು. ಮಗ್ಗುಲು ತಿರುಗಿಸಿದ ಕೂಡಲೇ ಮೊಬೈಲಿನ ಟಾರ್ಚ್ ಹಾಕಿ, ಬೆರಳಿನಿಂದ ಒತ್ತಿ, ಕೆಂಪು ಹೋಗುತ್ತದೋ ಉಳಿಯುತ್ತದೋ ನೋಡುತ್ತಿದ್ದಳು. “ಎಂತ ಹುಡುಕ್ತಿದೀಯ ಮಾರಾಯ್ತಿ, ನಿಧಿ ಏನಾದ್ರೂ ಉಂಟಾ?” ಎಂದು ಕುಮಾರ ಕೇಳುತ್ತಿದ್ದ. “ಸುಮ್ನಿರಣ್ಣ, ನಿನ್ನೆ ಇದ್ದದ್ದು ಇವತ್ತು ಸಣ್ಣಾಗೈತಾ ನೋಡ್ತಿದೀನಿ” ಎನ್ನುತ್ತಿದ್ದಳು. ಈ ‘ನಿನ್ನೆ ಇದ್ದದ್ದು’ ಎಂಬ ಮಾತನ್ನು ತಾವು ದಯವಿಟ್ಟು ಗಮನಿಸಬೇಕು. ಅದನ್ನು ಹೇಳಬೇಕಾದರೆ ನಿನ್ನೆಯೂ ಬಂದಿರಬೇಕು.

ಹೀಗೆ ಸುಮಾರು ನಾಲ್ಕು ವರ್ಷ ನಡೆಯಿತು. ಆ ಕಾಲದಲ್ಲಿ ನನ್ನ ತಮ್ಮ ಅಯ್ಯೋ ಎನ್ನುವ ಸ್ಥಿತಿಯಲ್ಲಿ ಇರಲಿಲ್ಲ. ಮಲಗಿದಲ್ಲೇ ಊರವರ ಮಿಕ್ಸಿ, ಇಸ್ತ್ರಿ ಪೆಟ್ಟಿಗೆ ರಿಪೇರಿ ಮಾಡುತ್ತಿದ್ದ. ಕ್ರಿಕೆಟ್ ಇದ್ದ ದಿನ ಅವನ ಮಂಚದ ಸುತ್ತ ಜಾಗವಿರುತ್ತಿರಲಿಲ್ಲ. ಜಗಳವಾಡುತ್ತಿದ್ದರು, ಅವನ ಪಾಲಿನ ಬೋಂಡ ತಿಂದು ಮುಗಿಸುತ್ತಿದ್ದರು, ಅದರ ನಡುವೆ ಹೊತ್ತಾಯಿತೆಂದು ಇಬ್ಬರು ಎದ್ದು ಅವನನ್ನು ಹೊರಳಿಸಿ ಮತ್ತೆ ಕೂರುತ್ತಿದ್ದರು. ನಾಲ್ಕು ವರ್ಷದಲ್ಲಿ ಅವನ ಬೆನ್ನಿನ ಮೇಲೆ ಒಂದು ಹುಣ್ಣಾಗಲಿಲ್ಲ. ತಪಾಸಣೆಗೆ ಕರೆದೊಯ್ದಾಗ ಶಿವಮೊಗ್ಗದ ವೈದ್ಯರು, “ನರ್ಸ್ ಇಟ್ಕೊಂಡಿದ್ದೀರಾ?” ಎಂದು ಕೇಳಿದ್ದರು.

ಆಮೇಲೆ ತಮ್ಮ ಯೋಜನೆ ಬಂತು.

ಸಾಗರದಲ್ಲಿ ನಡೆದ ಉದ್ಘಾಟನೆಗೆ ನಮ್ಮ ಹುಡುಗರೂ ಹೋಗಿದ್ದರು. ತಮ್ಮ ಕಡೆಯ ಅಧಿಕಾರಿಯೊಬ್ಬರು ವೇದಿಕೆಯ ಮೇಲಿಂದ, “ಸಂಘ, ಗುಂಪು ಎಲ್ಲ ಹಳೇ ಕಾಲದ್ದು. ಗುಂಪಿನಲ್ಲಿ ನೀವು ಕಳೆದುಹೋಗ್ತೀರಿ. ನೀವು ಒಬ್ಬೊಬ್ಬರೂ ಒಂದೊಂದು ಬ್ರ್ಯಾಂಡ್. ನಿಮ್ಮ ಸೇವೆ ನಿಮ್ಮ ಹೆಸರಿನಲ್ಲೇ ಕಾಣಬೇಕು” ಎಂದರಂತೆ. ಸಭಾಂಗಣವೆಲ್ಲ ಚಪ್ಪಾಳೆ. ರವೀಶ ವಾಪಸು ಬಂದು ಇದನ್ನು ಹೇಳಿದಾಗ ಕುಮಾರ, “ಹಂಗಾರೆ ನಂದು ಯಾವ ಬ್ರ್ಯಾಂಡ್ ಮಾರಾಯ? ಗ್ಯಾರಂಟಿ ಮುಗ್ದಿರೋದಾ?” ಎಂದು ಕೇಳಿ ಎಲ್ಲರನ್ನೂ ನಗಿಸಿದ. ನಾನೂ ನಕ್ಕೆ.

ಆ ನಗು ಬಹಳ ದಿನ ಉಳಿಯಲಿಲ್ಲ. ತಮ್ಮ ಆ್ಯಪಿನಲ್ಲಿ ಒಂದು ಫೋನ್ ನಂಬರಿಗೆ ಒಬ್ಬ ಸ್ವಯಂಸೇವಕ. ಸಂಘ ಎಂದು ನೋಂದಾಯಿಸಲು ಜಾಗವೇ ಇಲ್ಲ. ಮಾಡಿದ ಸೇವೆಗೆ ಅಂಕ, ಪ್ರಮಾಣಪತ್ರ ಬೇಕಾದರೆ ಮುಖ ಕಾಣುವ ಫೋಟೋ ಹಾಕಬೇಕು. ಇವೆರಡನ್ನೂ ಹೇಗೋ ನುಂಗಿಕೊಳ್ಳಬಹುದಿತ್ತು. ಆದರೆ ವಂಚನೆ ತಡೆಯಲೆಂದು ತಾವು ಸೇರಿಸಿದ ಒಂದು ನಿಯಮವಿದೆಯಲ್ಲ, ಒಬ್ಬನೇ ಫಲಾನುಭವಿಗೆ ಮೂರು ಬಾರಿಗಿಂತ ಹೆಚ್ಚು ಸಲ್ಲಿಸಿದ ಸೇವೆಗೆ ಅಂಕವಿಲ್ಲ ಎಂಬುದು, ಅದನ್ನು ಯಾರು ಬರೆದರು ಸ್ವಾಮಿ? ಅವರ ಮನೆಯಲ್ಲಿ ಯಾರೂ ಹಾಸಿಗೆ ಹಿಡಿದಿಲ್ಲವೇ? ಹಾಸಿಗೆ ಹಿಡಿದವರಿಗೆ ಮೂರು ಸಲ ಸ್ನಾನ ಮಾಡಿಸಿದರೆ ಸಾಕೆ? ನಾಲ್ಕನೆಯ ಸಲ ಬರುವವನನ್ನು ವಂಚಕ ಎಂದು ಶಂಕಿಸುವ ಯಂತ್ರವನ್ನು ಕಟ್ಟಿ, ಅದಕ್ಕೆ ‘ಸೇವೆ’ ಎಂದು ಹೆಸರಿಡಲು ತಮಗೆ ಹೇಗೆ ಮನಸ್ಸು ಬಂತು?

ಈಗಿನ ಹುಡುಗರು ಸ್ವಾರ್ಥಿಗಳು ಎಂದು ಬರೆದು ಈ ಪತ್ರವನ್ನು ಇಲ್ಲಿಗೇ ಮುಗಿಸಿದ್ದರೆ ತಮಗೆ ಅನುಕೂಲವಾಗುತ್ತಿತ್ತು. ನಾನು ಹಾಗೆ ಬರೆಯುವುದಿಲ್ಲ. ತಮ್ಮ ಪ್ರಮಾಣಪತ್ರಗಳನ್ನು ಬಣ್ಣದಲ್ಲಿ ಪ್ರಿಂಟ್ ತೆಗೆದು ಲ್ಯಾಮಿನೇಷನ್ ಮಾಡಿಕೊಡುವವಳು ನಾನೇ. ಅದಕ್ಕಾಗಿ ಬರುವ ಮುಖಗಳನ್ನು ದಿನವೂ ನೋಡುತ್ತೇನೆ. ಅವುಗಳಲ್ಲಿ ಹೆಮ್ಮೆಗಿಂತ ಹೆದರಿಕೆಯೇ ಹೆಚ್ಚು. ರವೀಶನೂ ಒಂದು ದಿನ ಬಂದ. ಇಕ್ಕೇರಿ ದೇವಸ್ಥಾನದ ಆವರಣದಲ್ಲಿ ಕಸ ಹೆಕ್ಕಿದ್ದಕ್ಕೆ ಒಂದು, ಮಂಡಗದ್ದೆಯಲ್ಲಿ ಹಕ್ಕಿ ನೋಡಲು ಬಂದವರಿಗೆ ಪ್ಲಾಸ್ಟಿಕ್ ಎಸೆಯಬೇಡಿ ಎಂದು ಹೇಳಿದ್ದಕ್ಕೆ ಒಂದು. ಫೋಟೋ ಚೆನ್ನಾಗಿ ಬರುವ ಇಂಥ ಸೇವೆಗಳು ಆ್ಯಪಿನಲ್ಲಿ ತೆರೆದ ಕೂಡಲೇ ತುಂಬಿಹೋಗುತ್ತವೆ ಎಂದು ಅವನೇ ಹೇಳಿದ. ಪ್ರಿಂಟ್ ಕೊಡುತ್ತಾ ಕೇಳಿದೆ.

“ಮನೆ ಕಡೆ ಬಂದೇ ಇಲ್ವಲ್ಲೋ. ಅವ್ನು ಕೇಳ್ತಿರ್ತಾನೆ.”

“ಬರ್ಬೇಕು ಅಕ್ಕಾ.” ಅವನು ಮೆಷಿನ್ನನ್ನೇ ನೋಡುತ್ತಿದ್ದ. “ಇಂಟರ್‌ವ್ಯೂಲಿ ಕೇಳ್ತಾರಕ್ಕಾ, ನೀನು ಒಬ್ನೇ ಎಂತ ಮಾಡಿದೀಯ ಅಂತ. ನಾವೆಲ್ಲ ಸೇರಿ ಮಾಡಿದ್ವಿ ಅಂದ್ರೆ ನಗ್ತಾರೆ. ಹೋದ್ಸಲ ನಕ್ರು.”

“ನಾಲ್ಕು ವರ್ಷ ಮಾಡಿದ್ದು?”

“ಅದು ಎಲ್ಲೂ ಬರಲ್ಲಕ್ಕಾ. ನಂಗೇನು ಅದು ಬ್ಯಾಡ ಅಂತಲ್ಲ. ಆದ್ರೆ ಅಪ್ಪ ದಿನಾ ಕೇಳ್ತಾರೆ, ನಿನ್ನ ಹೆಸ್ರಲ್ಲಿ ಎಂತ ಐತೋ ಅಂತ. ಎಂತ ಹೇಳ್ಲಿ?”

ಈ ಮಕ್ಕಳಿಗೆ ಶಾಲೆಯಿಂದ ಹಿಡಿದು ಎಲ್ಲರೂ ಹೇಳಿಕೊಟ್ಟಿರುವುದು ಒಂದೇ. ನಿನ್ನ ಬದುಕು ನೀನೇ ಕಟ್ಟಿಕೊಳ್ಳಬೇಕಾದ ಕಟ್ಟಡ, ಎದ್ದರೆ ನಿನ್ನ ಸಾಧನೆ, ಬಿದ್ದರೆ ನಿನ್ನ ತಪ್ಪು. ಕೆಲಸ ಕೊಡಬೇಕಾದವರು ಕೊಡಲಿಲ್ಲ ಎಂದು ಯಾರೂ ಹೇಳುವುದಿಲ್ಲ, ನಿನ್ನಲ್ಲಿ ಏನೋ ಕಡಿಮೆಯಿದೆ ಎನ್ನುತ್ತಾರೆ. ಹೀಗೆ ಒಬ್ಬಂಟಿಯಾಗಿ ಹೆದರಿ ನಿಂತವನ ಕೈಗೆ ತಾವು ಸೇವೆಯನ್ನೂ ಏಣಿಯ ಒಂದು ಮೆಟ್ಟಿಲಾಗಿ ಕೊಟ್ಟಿರಿ. ಅವನು ಹತ್ತದೆ ಏನು ಮಾಡಬೇಕು? ಮತ್ತು ಹತ್ತಿದವನು ಎಲ್ಲಿಗೆ ತಲುಪಿದ, ಅದನ್ನೂ ಹೇಳುತ್ತೇನೆ. ತಮ್ಮ ಚಿನ್ನದ ಬಣ್ಣದ ಮುದ್ರೆಯಿದ್ದ ಕಾಗದ ಹಿಡಿದು ರವೀಶ ಮುಂದಿನ ಸಂದರ್ಶನಕ್ಕೆ ಹೋದ. ಹೊರಗೆ ಕುಳಿತಿದ್ದ ಎಲ್ಲರ ಕೈಯಲ್ಲೂ ಅದೇ ಮುದ್ರೆಯ ಕಾಗದವಿತ್ತಂತೆ. ಈಗ ಅವನು ಶಿವಮೊಗ್ಗದಲ್ಲಿ ಮನೆಮನೆಗೆ ಪಾರ್ಸೆಲ್ ತಲುಪಿಸುತ್ತಾನೆ. ಆ ಕೆಲಸಕ್ಕೆ ಯಾರೂ ಅವನ ಸೇವೆಯ ಬಗ್ಗೆ ಕೇಳಲಿಲ್ಲ.

ಒಬ್ಬೊಬ್ಬರಾಗಿ ಕಡಿಮೆಯಾದರು. ಜಗಳವಾಡಿ ಹೋದವರು ಯಾರೂ ಇಲ್ಲ. “ಈ ವಾರ ಆಗಲ್ಲ ಕುಮಾರಣ್ಣ” ಎನ್ನುತ್ತಿದ್ದರು, ಅಷ್ಟೇ. ಹೋಗುವವನು ತನ್ನ ಜಾಗಕ್ಕೆ ಇನ್ನೊಬ್ಬನನ್ನು ಕರೆತರುವುದೂ ನಿಂತಿತು. ಕರೆತರಲು ಅದೀಗ ಯಾರ ಜಾಗವೂ ಆಗಿರಲಿಲ್ಲ.

ಕೊನೆಗೆ ಉಳಿದವಳು ಸ್ವಾತಿ. ಅವಳಿಗೆ ಅಂಕದ ಚಿಂತೆ ಇರಲಿಲ್ಲ. ಕಾಲೇಜಿನಿಂದ ಬಂದು ಬ್ಯಾಗು ಜಗಲಿಯಲ್ಲಿ ಇಟ್ಟು ಒಳಗೆ ಬರುತ್ತಿದ್ದಳು. ಆದರೆ ಅವನನ್ನು ಒಬ್ಬಳೇ ತಿರುಗಿಸುವುದು ಕಷ್ಟ, ಅಮ್ಮ ಒಂದು ಕೈ ಹಾಕಿದರೂ ಕಷ್ಟ. ಅದಕ್ಕಿಂತ ದೊಡ್ಡ ಕಷ್ಟ ಮನೆಯ ಹೊರಗಿತ್ತು. ಹತ್ತು ಜನ ಬರುತ್ತಿದ್ದಾಗ ಸ್ವಾತಿ ಸಂಘದ ಹುಡುಗಿ. ಒಬ್ಬಳೇ ಬರತೊಡಗಿದ ಮೇಲೆ ಅವಳು ಗಂಡಸಿನ ಮೈ ಮುಟ್ಟಿ ನೋಡುವ ಹುಡುಗಿಯಾದಳು. ನಮ್ಮೂರಿನವರು ಕೆಟ್ಟವರೆಂದು ಹೇಳುತ್ತಿಲ್ಲ, ಊರುಗಳು ಹಾಗೆಯೇ ಇರುತ್ತವೆ. ಆ ಮಾತುಗಳಿಂದ ಅವಳನ್ನು ಮರೆಮಾಡುತ್ತಿದ್ದದ್ದು ಅವಳ ಅಕ್ಕಪಕ್ಕ ನಿಂತ ಗೆಳೆಯರು. ಒಂದು ಸಂಜೆ ಅವಳ ತಾಯಿ ಪುಷ್ಪಮ್ಮ ನಮ್ಮ ಅಂಗಳಕ್ಕೆ ಬಂದು ಅಮ್ಮನ ಹತ್ತಿರ, “ನೀವ್ ಬೇಜಾರ್ ಮಾಡ್ಕಬಾರ್ದು ಬಂಗಾರಕ್ಕ. ನಂಗೆ ಗೊತ್ತು ಕುಮಾರ ಎಂಥವ್ನು ಅಂತ. ಆದ್ರೆ ಇವ್ಳಿಗೆ ನಾಳೆ ಗಂಡು ನೋಡ್ಬೇಕಲ್ದಾ” ಎಂದರು. ಅಮ್ಮ, “ನಂಗೂ ಮಗ್ಳು ಐತಲ್ಲ, ಗೊತ್ತಾಗ್ತದೆ” ಎಂದಳು. ಹೋಗುವಾಗ ಪುಷ್ಪಮ್ಮ ಅಳುತ್ತಿದ್ದರು. ವ್ಯಕ್ತಿಸ್ವಾತಂತ್ರ್ಯ, ಸ್ವಂತ ಗುರುತು ಎಂದು ತಾವು ವೇದಿಕೆಯ ಮೇಲೆ ಹೇಳುತ್ತೀರಿ. ಗುಂಪಿನೊಳಗೆ ಸ್ವಾತಿಗೆ ಇದ್ದ ಸ್ವಾತಂತ್ರ್ಯ ಒಬ್ಬಳೇ ಆದಾಗ ಎಲ್ಲಿ ಹೋಯಿತು? ಉತ್ತರವಿದ್ದರೆ ತಿಳಿಸಿ.

ಬೇರೆ ದಾರಿ ಕಾಣದೆ ನಾನೇ ತಮ್ಮ ಆ್ಯಪಿನಲ್ಲಿ ಕುಮಾರನನ್ನು ಫಲಾನುಭವಿಯೆಂದು ನೋಂದಾಯಿಸಿದೆ. ಸತ್ಯ ಹೇಳಬೇಕು, ಜನ ಬಂದರು. ಸಾಗರದಿಂದ, ತೀರ್ಥಹಳ್ಳಿಯಿಂದ, ಬೈಕಿನಲ್ಲಿ, ಬಸ್ಸಿನಲ್ಲಿ. ಒಳ್ಳೆಯ ಮಕ್ಕಳು. ಚಪ್ಪಲಿ ಹೊರಗೆ ಬಿಟ್ಟು, ಅಮ್ಮನಿಗೆ ನಮಸ್ಕಾರ ಮಾಡಿ ಒಳಗೆ ಬರುತ್ತಿದ್ದರು. ಪ್ರತಿಯೊಬ್ಬರೂ ಕೇಳುವ ಮೊದಲ ಪ್ರಶ್ನೆ, “ಹೇಗಾಯ್ತು ಅಣ್ಣಾ?” ಕುಮಾರ ಮಾಡು ಹತ್ತಿ ಬಿದ್ದ ಕತೆಯನ್ನು ಮೊದಲಿನಿಂದ ಹೇಳಬೇಕು. ಮೊದಮೊದಲು ಉಪ್ಪುಖಾರ ಹಚ್ಚಿ ಹೇಳುತ್ತಿದ್ದ. ಆಮೇಲೆ ಚಿಕ್ಕದು ಮಾಡಿದ. ಕೊನೆಕೊನೆಗೆ “ಬಿದ್ದೆ” ಎಂದಷ್ಟೇ ಹೇಳಿ ಗೋಡೆಯ ಕಡೆ ನೋಡುತ್ತಿದ್ದ.

ತೀರ್ಥಹಳ್ಳಿಯ ಶ್ರೀರಂಗ ಎಂಬ ಹುಡುಗ ಬಂದದ್ದು ಆಗಲೇ. ಮೃದು ಸ್ವಭಾವದವನು, ಕುಮಾರನಿಗೆ ಗಂಜಿ ಉಣಿಸಿದ, ಕೈ ಹಿಡಿದು ಕುಳಿತ. ಫೋನನ್ನು ಕಿಟಕಿಯಲ್ಲಿ ನಿಲ್ಲಿಸಿ ಅದನ್ನೆಲ್ಲ ವಿಡಿಯೋ ಮಾಡಿಕೊಂಡ, ಕೇಳಿಯೇ ಮಾಡಿಕೊಂಡ. ಕುಮಾರ ಆಗಲಿ ಎಂದಿದ್ದ. ಎರಡು ದಿನ ಬಿಟ್ಟು ಅದು ಯಾರಿಂದಲೋ ಕುಮಾರನ ಫೋನಿಗೇ ಬಂತು. ಹಿಂದೆ ಪಿಟೀಲಿನ ಅಳುವ ಸಂಗೀತ, ಮೇಲೆ ‘ಒಂದು ತುತ್ತು, ಒಂದು ನಗು’ ಎಂಬ ಅಕ್ಷರ. ನಾನು ಅಂಗಡಿಯಿಂದ ಬಂದಾಗ ಅವನು ಅದನ್ನು ನೋಡುತ್ತಿದ್ದ.

“ಅಕ್ಕಾ, ನಾನು ಇಷ್ಟು ಪಾಪದವ್ನಾ?”

“ಅದು ಸಂಗೀತ ಹಾಕಿದ್ದಕ್ಕೆ ಹಂಗ್ ಕಾಣ್ತದೆ ಕಣೋ.”

“ಅಲ್ಲ ಮಾರಾಯ್ತಿ. ನಾನು ಕೈಲಿ ಉಣ್ಣಬಲ್ಲೆ. ಅವ್ನು ತಿನ್ನಿಸ್ತೀನಿ ಅಂದ, ಪಾಪ ದೂರದಿಂದ ಬಂದಾನೆ ಅಂತ ಬಾಯಿ ತೆಗ್ದೆ.”

ಅಂದಿನಿಂದ ಅವನು ಮಿಕ್ಸಿ ರಿಪೇರಿ ಮುಟ್ಟಲಿಲ್ಲ.

ತಮ್ಮ ವರದಿಗಳ ಪ್ರಕಾರ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕುಗಳಲ್ಲಿ ಯುವ ಸ್ವಯಂಸೇವಕರ ಸಂಖ್ಯೆ ಹಲವು ಪಟ್ಟು ಏರಿದೆ. ನಂಬುತ್ತೇನೆ. ನಮ್ಮ ಮನೆಗೇ ಎಷ್ಟೊಂದು ಮಂದಿ ಬಂದರು! ಆದರೆ ಬಂದವರು ನಾಳೆ ಬರುವವರಲ್ಲ. ಬೆನ್ನಿನ ಕೆಳಭಾಗದಲ್ಲಿ, ಎಡಬದಿಗೆ, ಒಂದು ಕೆಂಪು ಕಲೆ ಕಾಣಿಸಿಕೊಂಡದ್ದನ್ನು ಸೋಮವಾರ ಬಂದ ಹುಡುಗಿ ನೋಡಿರಬಹುದು, ಮೊದಲಿನಿಂದಲೂ ಹಾಗೇ ಇದೆ ಎಂದುಕೊಂಡಿರಬಹುದು. ಗುರುವಾರ ಬಂದ ಹುಡುಗ ಅದು ಕಪ್ಪಗಾದದ್ದನ್ನು ನೋಡಿರಬಹುದು, ಅವನಿಗೂ ಅದು ಮೊದಲನೇ ದಿನ. ರಾತ್ರಿ ಮಂದ ಬೆಳಕಿನಲ್ಲಿ ನಾನೂ ಅಮ್ಮನೂ ತಿರುಗಿಸುವಾಗ ನಮಗೆ ಕಂಡದ್ದು ಚರ್ಮ ಒಡೆದ ಮೇಲೆ.

ಶ್ರಾವಣದ ಮಳೆ ಹಿಡಿಯಿತು. ಕರೆಂಟು ಹೋಗಿ ದಿನಗಟ್ಟಲೆ ಬರಲಿಲ್ಲ. ಗಾಳಿ ತುಂಬುವ ಹಾಸಿಗೆಯೊಂದನ್ನು ತಂದಿದ್ದೆವು, ಅದರ ಪಂಪು ನಿಂತು ಹಾಸಿಗೆ ಹಪ್ಪಳವಾಯಿತು. ವಿದ್ಯುತ್ ಕೆಲಸ ಬಲ್ಲವನು ಕತ್ತಲೆಯಲ್ಲಿ ಮಲಗಿದ್ದ. ಆ ಮಳೆಯಲ್ಲಿ ತೀರ್ಥಹಳ್ಳಿಯಿಂದ ಯಾರು ಬರುತ್ತಾರೆ? ಬರಬೇಕೆಂದು ನಾನು ಹೇಳುವುದೂ ತಪ್ಪು. ಹಿಂದೆ ಇದಕ್ಕಿಂತ ಜೋರು ಮಳೆಯಲ್ಲೂ ಪ್ಲಾಸ್ಟಿಕ್ ಹೊದ್ದು ಬರುತ್ತಿದ್ದವರು ಎರಡು ಮನೆ ಆಚೆಯವರು. ಆ್ಯಪಿನಲ್ಲಿ ಬೇಡಿಕೆ ಹಾಕಿದೆ. ‘ನಿಮ್ಮ ಬೇಡಿಕೆ ಸರದಿಯಲ್ಲಿದೆ’ ಎಂದು ಬಂತು. ಮಾರನೇ ದಿನವೂ ಹಾಕಿದೆ, ಅದೇ ಬಂತು. ಅಂಗಡಿಗೆ ಬೀಗ ಹಾಕಿ ಮನೆಯಲ್ಲೇ ಕುಳಿತೆ. ಆ ಹೊತ್ತಿಗೆ ಅವನಿಗೆ ಜ್ವರ ಬಂದಿತ್ತು.

ಆಂಬುಲೆನ್ಸಿನವರು ಡಾಂಬರು ರಸ್ತೆಯವರೆಗೆ ಕರೆತನ್ನಿ ಎಂದರು. ನಮ್ಮ ಭೂತಪ್ಪ ಮಾವ, ಎಪ್ಪತ್ತು ದಾಟಿದವರು, ಪಕ್ಕದ ಮನೆಯ ಇಬ್ಬರು, ನಾನು, ಹೀಗೆ ಕೆಸರಿನಲ್ಲಿ ಹೊತ್ತುಕೊಂಡು ನಡೆದೆವು. ನಡುವೆ ಎರಡು ಸಲ ಇಳಿಸಬೇಕಾಯಿತು. ಅವನಿಗೆ ಎಚ್ಚರವಿತ್ತು. “ಮಾವಾ, ಭಾರ ಆಗ್ತಿದೀನಾ?” ಎಂದು ಕೇಳಿದ. ಮಾವ ಏದುಸಿರಿನಲ್ಲೇ, “ಸುಮ್ನೆ ಮಲ್ಗು ಮಗಾ, ಎಂತದೂ ಭಾರ ಇಲ್ಲ” ಎಂದರು. ಅದಾದ ಮೇಲೆ ಅವನು ಸ್ಪಷ್ಟವಾಗಿ ಮಾತಾಡಿದ್ದನ್ನು ನಾನು ಕೇಳಲಿಲ್ಲ. ಆಸ್ಪತ್ರೆಯವರು ಮಾಡುವುದನ್ನೆಲ್ಲ ಮಾಡಿದರು. ವಾರ ತುಂಬುವುದರೊಳಗೆ ಮುಗಿಯಿತು.

ಸಾವಿಗೆ ಎಲ್ಲರೂ ಬಂದರು, ಮಾನ್ಯರೇ. ರವೀಶ ರಜೆ ಹಾಕಿ ಬಂದ. ಸ್ವಾತಿ ತಾಯಿಯ ಜೊತೆ ಬಂದಳು. ಊರು ಬಿಟ್ಟು ಹೋದವರೂ ಸುದ್ದಿ ತಿಳಿದು ಬಂದರು. ಬಂದು ಅಂಗಳದಲ್ಲಿ ಅಲ್ಲಲ್ಲಿ ನಿಂತರು, ಒಬ್ಬೊಬ್ಬರೇ. ಹಿಂದೆ ಇಂಥ ಮನೆಗಳಲ್ಲಿ ಅವರು ಹೇಗೆ ಓಡಾಡುತ್ತಿದ್ದರು ಎಂದು ನಾನು ನೋಡಿದ್ದೇನೆ. ಯಾರೂ ಹೇಳದೆ ಒಬ್ಬ ಬಿದಿರಿಗೆ ಹೋಗುತ್ತಿದ್ದ, ಒಬ್ಬ ಸೌದೆಗೆ, ಒಬ್ಬ ನೀರು ಕಾಯಿಸಲು. ಅಂದು ಎಲ್ಲರೂ ನಿಂತೇ ಇದ್ದರು. ಯಾರು ಮೊದಲು ಅಲುಗಬೇಕೆಂದು ಅವರಿಗೆ ತಿಳಿಯುತ್ತಿರಲಿಲ್ಲ, ಒಬ್ಬರ ಮುಖ ಒಬ್ಬರು ನೋಡುತ್ತಲೂ ಇರಲಿಲ್ಲ. ಬಹಳ ಹೊತ್ತಾದ ಮೇಲೆ ಅಮ್ಮ ಒಳಗಿನಿಂದ ಎದ್ದು ಬಂದು, ಅಳುತ್ತಿದ್ದವಳು ಅಳು ನಿಲ್ಲಿಸಿ, “ಯಾರಾದ್ರೂ ಬಿದಿರು ತರ್ರೋ” ಎಂದಳು. ಮಗ ಸತ್ತ ಮನೆಯಲ್ಲಿ ತಾಯಿ ಅದನ್ನು ಹೇಳಬೇಕಾಯಿತು. ಆಗ ಎಲ್ಲರೂ ಒಟ್ಟಿಗೇ ಓಡಿದರು. ರವೀಶ ಹಿತ್ತಲಿನ ಬೇಲಿಯ ಹತ್ತಿರ ಕುಳಿತು ಕತ್ತಿ ಹಿಡಿದ ಕೈಯಿಂದಲೇ ಮುಖ ಮುಚ್ಚಿಕೊಂಡು ಅತ್ತ. ಅವನ ಮೇಲೆ ನನಗೆ ಸಿಟ್ಟಿಲ್ಲ. ಇದನ್ನು ಅವನು ಓದಿದರೆ ತಿಳಿಯಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಕರ್ಮಗಳು ಮುಗಿದ ಮೇಲೆ ಆ್ಯಪಿನಿಂದ ಕುಮಾರನ ಹೆಸರು ತೆಗೆಯಲು ಹೋದೆ. ಕಾರಣ ಕೇಳಿತು. ಎರಡು ಆಯ್ಕೆಗಳಿದ್ದವು. ‘ಫಲಾನುಭವಿ ಸ್ವಾವಲಂಬಿಯಾಗಿದ್ದಾರೆ’, ‘ಫಲಾನುಭವಿ ವಿಳಾಸ ಬದಲಿಸಿದ್ದಾರೆ’. ತಮ್ಮ ಜಿಲ್ಲಾ ಕಚೇರಿಗೆ ಹೋಗಿ ಕೇಳಿದೆ. ಅಲ್ಲಿದ್ದ ಗಿರಿಧರ ಎಂಬ ಯುವಕ ಗೌರವದಿಂದ ಕುರ್ಚಿ ಕೊಟ್ಟ, ಪೂರ್ತಿ ಕತೆ ಕೇಳಿದ. “ಮೇಡಂ, ಸಾವು ಅನ್ನೋದು ಸಿಸ್ಟಮಲ್ಲಿ ಹಾಕಿಲ್ಲ. ಪಾಸಿಟಿವ್ ಆಗಿರ್ಲಿ ಅಂತ ಮೇಲಿನವ್ರು ಹೇಳಿದ್ರು” ಎಂದ. ಕುಮಾರನ ಹೆಸರು ಪಟ್ಟಿಯಲ್ಲೇ ಉಳಿಯಿತು. ಸಂಘ ಎಂದು ನೋಂದಾಯಿಸುವ ಬಗ್ಗೆ ಕೇಳಿದೆ. “ಅದೂ ಇಲ್ಲ ಮೇಡಂ.” ಅವನೇ ಮುಂದುವರಿಸಿದ: “ನಮ್ಮೂರಲ್ಲೂ ಒಂದು ಸಂಘ ಇತ್ತು. ಈಗ ಎಲ್ರೂ ಇದ್ರಲ್ಲೇ ಇದಾರೆ. ನಾನೇ ಸೇರ್ಸಿದ್ದು.” ಅವನದೂ ಒಂದು ವರ್ಷದ ಗುತ್ತಿಗೆ ಕೆಲಸವಂತೆ. ಎಷ್ಟು ಜನರನ್ನು ಸೇರಿಸಿದ ಎಂಬುದರ ಮೇಲೆ ಮುಂದುವರಿಸುತ್ತಾರಂತೆ.

ಬೇಡಿಕೆಯಿಲ್ಲದ ಅರ್ಜಿಯನ್ನು ಕಚೇರಿಗಳು ಸ್ವೀಕರಿಸುವುದಿಲ್ಲ ಎಂಬುದು ನನ್ನ ವೃತ್ತಿಯ ಅನುಭವ. ಹಾಗಾಗಿ ಬೇಡುತ್ತೇನೆ. ಒಬ್ಬರ ಬಳಿಗೇ ಮತ್ತೆ ಮತ್ತೆ ಹೋಗುವವರನ್ನು ವಂಚಕರೆಂದು ಎಣಿಸುವ ನಿಯಮವನ್ನು ತೆಗೆದುಹಾಕಿ. ಹತ್ತು ಜನ ಸೇರಿ ಬಂದರೆ ಹತ್ತು ಜನ ಎಂದೇ ಬರೆದುಕೊಳ್ಳಿ. ಕಾಯಿಲೆಯವರ ಮಂಚದ ಹತ್ತಿರ ಕ್ಯಾಮೆರಾ ನಿಷೇಧಿಸಿ. ಇದನ್ನೆಲ್ಲ ಮಾಡಿದರೂ ನಮ್ಮೂರಿನ ಸಂಘ ಮತ್ತೆ ಕೂಡುತ್ತದೆ ಎಂಬ ಭರವಸೆ ನನಗಿಲ್ಲ. ಬಿಡಿಸುವುದಕ್ಕೆ ತಮಗೆ ಒಂದು ವರ್ಷ ಸಾಕಾಯಿತು, ಅದು ಕೂಡಿಕೊಂಡದ್ದು ಎಂದಿನಿಂದ ಎಂದು ನಮ್ಮೂರಿನ ಹಿರಿಯರಿಗೂ ನೆನಪಿಲ್ಲ. ತಾವು ಕ್ರಮ ಜರುಗಿಸುತ್ತೀರಿ ಎಂಬ ಭರವಸೆಯೂ ಇಲ್ಲ.

ಕಳೆದ ವಾರ ಪಕ್ಕದ ಊರಿನ ಹುಲಿಗೆಮ್ಮ ಎಂಬಾಕೆ ಅಂಗಡಿಗೆ ಬಂದರು. ಗಂಡನಿಗೆ ಲಕ್ವ ಹೊಡೆದು ಬಲಗಡೆ ಪೂರ್ತಿ ಬಿದ್ದುಹೋಗಿದೆ. ತಾನು ಕೂಲಿಗೆ ಹೋದರೆ ಹಗಲು ನೋಡಿಕೊಳ್ಳುವವರಿಲ್ಲ. “ಅದೆಂತದೋ ಮೊಬೈಲಲ್ಲಿ ಹಾಕಿದ್ರೆ ಹುಡ್ರು ಬರ್ತಾರಂತಲ್ಲ ತಂಗಿ, ಹಾಕ್ಕೊಡ್ತೀಯಾ?” ಎಂದು ಕೇಳಿದರು. ಬೇಡ ಎನ್ನಬೇಕೆಂದು ಬಾಯಿಗೆ ಬಂತು. ಬೇಡ ಎಂದರೆ ಅದರ ಬದಲು ಏನು ಮಾಡಿ ಎಂದು ಹೇಳಬೇಕಲ್ಲ, ಅದು ಬರಲಿಲ್ಲ. ಅವರ ಗಂಡನ ಹೆಸರು, ವಯಸ್ಸು, ಊರು ಕೇಳಿ ತುಂಬಿಸಿದೆ. ‘ನಿಮ್ಮ ಬೇಡಿಕೆ ಸರದಿಯಲ್ಲಿದೆ’ ಎಂದು ಬಂತು. ಹುಲಿಗೆಮ್ಮನಿಗೆ ಓದಲು ಬರುವುದಿಲ್ಲ. “ಎಂತ ಬಂತು?” ಎಂದು ಕೇಳಿದರು. “ಬರ್ತಾರಂತೆ” ಎಂದೆ.

ಇಂತಿ,
ತಮ್ಮ ದಾಖಲೆಯ ಪ್ರಕಾರ ಇನ್ನೂ ಸ್ವಾವಲಂಬಿಯಾಗದ ಒಬ್ಬ ಫಲಾನುಭವಿಯ ಅಕ್ಕ,
ಶ್ಯಾಮಲಾ
ಹೊಸನಗರ